ಎರಡನೆಯ ಚೀಟಿ

ಬಾಗಿಲು ತಳ್ಳಬೇಡ, ಎತ್ತು. ಹಾಂ, ಹಾಗೆ.
ಕೆಳಗಿನ ತಿರುಗಣಿ ಸವೆದಿದೆ; ಮೂರು ಸಲ ಬರೆದುಕೊಟ್ಟೆ,
ಷೆರೀಫರ ಮೇಜಿನ ಮೇಲೆ ಹಾಗೇ ಕೂತಿದೆ ಕಾಗದ.
ಇದು ಕೀಲಿ. ಇದು ಅದರ ಮರಿ.
ಮರಿಯನ್ನು ಯಾರ ಕೈಗೂ ಕೊಡಬೇಡ, ವೇಲನ್.

ಒಂದರಿಂದ ನಾಲ್ಕನೇ ಸಾಲು: ಉದ್ದ ಬಂದೂಕು.
ಜಿಂಕೆ ಬೇಟೆಯವು, ಅಪ್ಪನಿಂದ ಮಗನಿಗೆ ಬಂದವು,
ಗಂಡ ಹೆಂಡಿರು ಕಿತ್ತಾಡಿದ ಮರುದಿನ
ನ್ಯಾಯಾಧೀಶರ ಮಾತಿಗೆ ಇಲ್ಲಿ ಬಂದು ಒರಗಿದವು.
ಐದು, ಆರು: ಪಿಸ್ತೂಲು, ರಟ್ಟಿನ ಡಬ್ಬಿಗಳಲ್ಲಿ.
ಏಳರಲ್ಲಿ ನನ್ನ ಕಾಫಿ ಪುಡಿ. ನೀನು ನೋಡಿಲ್ಲ.

ಗುಂಡು ತೆಗೆದಿದೆಯೇ, ಮೊದಲು ನೋಡು. ಆಮೇಲೂ ನೋಡು.
ಖಾಲಿ ಅಂದವನ ಮಾತು ನಂಬಿ
ಆ ಗೋಡೆಯಲ್ಲೊಂದು ತೂತಿದೆ, ಕ್ಯಾಲೆಂಡರ್ ಹಿಂದೆ.

ಮುಟ್ಟುಗೋಲು ಆಯಿತು ಅಂದರೆ ಮುಗಿಯಿತು ಅಂತಲ್ಲ.
ಮೇಲ್ಮನವಿಯ ಗಡುವು ಕಳೆಯಬೇಕು.
ಕದ್ದ ಮಾಲಾದರೆ ಕಳಕೊಂಡವರಿಗೆ ಪತ್ರ ಹಾಕಬೇಕು,
ಅರ್ಧಕ್ಕರ್ಧ ತಿರುಗಿ ಬರುತ್ತವೆ, ಮನೆ ಖಾಲಿ ಅಂತ.
ಆಮೇಲೆ ವರ್ಷಕ್ಕೆರಡು ಸಲ ರಾಜಧಾನಿಯಿಂದ ಲಾರಿ.
ಕರಗಿಸುವುದಿಲ್ಲ ನಾವು. ಕೆಂಟಕಿಯ ಕಾನೂನು ಬಿಡುವುದಿಲ್ಲ.
ಹರಾಜು, ಪರವಾನಗಿ ಇದ್ದ ವ್ಯಾಪಾರಿಗೆ.
ಬಂದ ಹಣದಲ್ಲಿ ನಮ್ಮವರಿಗೆ ಗುಂಡುತಡೆ ಅಂಗಿ.
ನಗು, ನಗು. ನಾನೂ ಮೊದಲ ವರ್ಷ ನಕ್ಕಿದ್ದೆ.

ಕಿಟಕಿಯಲ್ಲಿ ಕಾಣುತ್ತಲ್ಲ, ನದಿಯಾಚೆಯ ಹೊಗೆ,
ಅದು ಉಕ್ಕಿನ ಕುಲುಮೆ.
ಆಚೆ ದಡದ ಪಟ್ಟಣದವರು ತಮ್ಮ ಪಾಲನ್ನು ಅಲ್ಲಿ ಸುರಿಯುತ್ತಾರೆ
ಪೀಪಾಯಿಗಟ್ಟಲೆ, ಹಳೇ ಕಾರಿನ ಬಾಗಿಲುಗಳ ಜೊತೆ.
ನನ್ನ ಎಲ್ಡನ್ ಅಲ್ಲಿ ಹದಿನೇಳು ವರ್ಷ ಬೆಂದ.
ಹೇಳುತ್ತಿದ್ದ: ಒಂದು ಗಳಿಗೆ ಆಕಾರ ಉಳಿಯುತ್ತೆ ಒಪಲ್,
ಬೆಣ್ಣೆಯಲ್ಲಿ ಬೆರಳು ಒತ್ತಿದ ಹಾಗೆ,
ಆಮೇಲೆ ಬರೀ ಬೆಳಕು.
ನಡುವೆ ಇರುವುದು ಅರ್ಧ ಮೈಲಿ ನೀರು.

ಇಲ್ಲಿ ಬಾ. ಇದನ್ನು ತೋರಿಸದೆ ಹೋಗಲಾರೆ.
ಪಾಯಿಂಟ್ ಮೂವತ್ತೆಂಟು, ಆರು ಗುಂಡಿನ ರಿವಾಲ್ವರ್.
ಹಿಡಿಯ ಮರದಲ್ಲಿ ಯಾರೋ ಮೊಳೆಯಿಂದ ಕೊರೆದ ಮೀನು,
ಮಕ್ಕಳು ಬರೆದಂತೆ, ಮೈಗಿಂತ ಬಾಲ ದೊಡ್ಡದು.

ಮೊದಲ ಸಲ ಬಂದಾಗ ಇದು ಏನೂ ಮಾಡಿರಲಿಲ್ಲ.
ಕುಡಿದು ಗಾಡಿ ಓಡಿಸಿದವನ ಸೀಟಿನಡಿ ಸಿಕ್ಕಿತ್ತು.
ಮೀನು ನೋಡಿ ನಗು ಬಂದ ನೆನಪು.
ಸಂಖ್ಯೆ ಬರೆದೆ, ಚೀಟಿ ಕಟ್ಟಿದೆ, ಲಾರಿಗೆ ಹೇರಿದೆ.
ತೊಂಬತ್ತು ಡಾಲರ್ ಬಂತಂತೆ.

ಒಂಬತ್ತು ವರ್ಷದ ಮೇಲೆ ಒಂದು ಸೋಮವಾರ
ಹ್ಯಾಸ್ಕೆಲ್ ಕಾಗದದ ಚೀಲ ತಂದು ಮೇಜಿನ ಮೇಲಿಟ್ಟ.
ತಳ ಕಂದಾಗಿ ಒಣಗಿತ್ತು.
ಕೈಗವಸು ಹಾಕಿ ಹೊರಗೆಳೆದೆ.
ಮೀನು.

ಹುಡುಗಿಗೆ ಹತ್ತೊಂಬತ್ತು. ಟೈರ್ ಅಂಗಡಿಯಲ್ಲಿ ಕೆಲಸ. ಎಡಚಿ.
ಎಡಚಿ ಅಂತ ವರದಿಯಲ್ಲಿ ಬೇಕಿರಲಿಲ್ಲ,
ಯಾಕೋ ಬರೆದಿದ್ದರು.

ಸಂಖ್ಯೆ ಒತ್ತಿದರೆ ಕಂಪ್ಯೂಟರು ಹಳೇ ಪುಟ ತೆರೆಯಿತು:
ಪಡೆದವರು, ಒಪಲ್ ಸ್ಟಾಂಬಾ.
ಕಳಿಸಿದವರು, ಒಪಲ್ ಸ್ಟಾಂಬಾ.
ಅದರ ಕೆಳಗೆ ಖಾಲಿ ಸಾಲು, ಮಿನುಗುತ್ತ.
ನನ್ನದೇ ಹೆಸರನ್ನು ಮೂರನೇ ಸಲ ಹೊಡೆಯಲು
ಎಷ್ಟು ಹೊತ್ತಾಯಿತು, ಹ್ಯಾಸ್ಕೆಲನನ್ನು ಕೇಳು.
ಪಾಪ, ಏಳನೇ ಸಾಲಿಗೆ ಹೋಗಿ ಕಾಫಿ ಕಾಸಿ ತಂದ.

ಅವನಿಗೆ ಶಿಕ್ಷೆ ಆಯಿತು. ಇದಕ್ಕೂ ಆದೇಶ ಬಂದಿದೆ.
ಲಾರಿ ಗುರುವಾರ. ನನಗೆ ಬುಧವಾರವೇ ಕೊನೆ.
ಸೇತುವೆಯ ನಡುವೆ ನಿಂತು ಕೈ ಸಡಿಲಿಸಿದರೆ ಸಾಕಿತ್ತು,
ಯೋಚಿಸಲಿಲ್ಲ ಅಂತಲ್ಲ.
ಆದರೆ ಇಪ್ಪತ್ತಮೂರು ವರ್ಷ, ಈ ಕೋಣೆಯಲ್ಲಿ
ಒಂದು ಗುಂಡೂ ಲೆಕ್ಕ ತಪ್ಪಿಲ್ಲ.
ಅದು ಹೆಮ್ಮೆಯೋ ಹೇಡಿತನವೋ, ನನ್ನನ್ನು ಕೇಳಬೇಡ.

ಹೊಸ ಚೀಟಿ ನೀನೇ ಕಟ್ಟು, ಕಲಿತ ಹಾಗಾಗುತ್ತೆ.
ಕುದುರೆಗೆ ಬೇಡ, ಹಿಡಿಯ ಕೆಳಗೆ ಈ ಬಳೆಗೆ.
ತಡಿ.
ಆ ದಾರದ ತುಂಡು ಕಾಣುತ್ತಾ, ಬೂದು ಬಣ್ಣದ್ದು?
ವ್ಯಾಪಾರಿ ಬಿಚ್ಚಿಲ್ಲ, ಕೊಂಡವನು ಬಿಚ್ಚಿಲ್ಲ,
ಆ ರಾತ್ರಿಯೂ ಅಲ್ಲೇ ಇತ್ತು.
ನನ್ನ ಗಂಟು ಅದು.
ಎರಡು ಸುತ್ತು, ಒಂದು ಎಳೆತ. ನಿನಗೆ ಈಗ ಹೇಳಿಕೊಟ್ಟೆನಲ್ಲ, ಅದೇ.